ಆಟಗಾರರಿಲ್ಲದ ಸೋಮವಾರಗಳು

ಅನಘಾ ಕೆಲಸ ಮಾಡುವ ಆಸ್ಪತ್ರೆಯ ಮೂಳೆ ಮತ್ತು ಕೀಲು ವಿಭಾಗದಲ್ಲಿ ಸೋಮವಾರ ಬೆಳಿಗ್ಗೆ ಕೂರಲು ಕುರ್ಚಿ ಸಿಗುತ್ತಿರಲಿಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಭಾನುವಾರ ಒಮ್ಮೆಲೇ ಆಟಕ್ಕಿಳಿದವರೆಲ್ಲ ಅವತ್ತು ಕುಂಟಿಕೊಂಡು ಬರುತ್ತಿದ್ದರು. ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಹಿಮ್ಮಡಿಯ ಮೇಲೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಟೆಂಡನ್ ಪಟ್ಟೆಂದು ಕಿತ್ತುಕೊಂಡವರು, ಫುಟ್‌ಬಾಲಿನಲ್ಲಿ ಮಂಡಿ ತಿರುಚಿಕೊಂಡವರು, ಕ್ರಿಕೆಟ್ ಚೆಂಡು ಹಿಡಿಯಲು ಹೋಗಿ ಬೆರಳು ಸೊಟ್ಟ ಮಾಡಿಕೊಂಡವರು. ಮಂಡಿ, ಭುಜ ಬೇರೆ ಡಾಕ್ಟರುಗಳ ಪಾಲು. ಕೈ ಮತ್ತು ಬೆರಳು ಅನಘಾಳ ಪಾಲು. ಮೈಸೂರಿನಲ್ಲಿ ಓದಿ, ಸಿಂಗಪುರಕ್ಕೆ ಬಂದು ಕೈಯ ಸರ್ಜನ್ ಆಗಿ ಪಳಗಿದವಳು ಅವಳು. ಸೋಮವಾರದ ಗದ್ದಲವನ್ನು ಬೈದುಕೊಂಡೇ ಇಷ್ಟಪಡುತ್ತಿದ್ದಳು.

2020ರ ಏಪ್ರಿಲ್ ಮೊದಲ ವಾರದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಸರ್ಕಾರ ಅದನ್ನು ಸರ್ಕ್ಯೂಟ್ ಬ್ರೇಕರ್ ಎಂದು ಕರೆಯಿತು. ಮೈದಾನಗಳಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದರು, ಕೋರ್ಟುಗಳಿಗೆ ಬೀಗ ಬಿತ್ತು, ಬ್ಯಾಸ್ಕೆಟ್‌ಬಾಲ್ ಬಳೆಗಳನ್ನು ಕಂಬದಿಂದ ಬಿಚ್ಚಿಟ್ಟರು. ಮುಂದಿನ ಸೋಮವಾರ ಅನಘಾ ಕೆಲಸಕ್ಕೆ ಹೋದಾಗ ಕಾರಿಡಾರ್ ಖಾಲಿಯಾಗಿತ್ತು. ಒಂದು ಮೂಲೆಯಲ್ಲಿ ಬ್ಯಾಂಡೇಜ್ ಬದಲಿಸಿಕೊಳ್ಳಲು ಬಂದ ಮುದುಕರೊಬ್ಬರು ಕೂತಿದ್ದರು, ಅಷ್ಟೇ.

ಅವಳ ಆಪರೇಷನ್ ಪಟ್ಟಿಯೂ ಹಾಗೆಯೇ ಖಾಲಿಯಾಯಿತು. ಕಾಯಬಹುದಾದ ಆಪರೇಷನ್‌ಗಳನ್ನೆಲ್ಲ ಮುಂದೂಡಬೇಕೆಂದು ಆದೇಶ ಬಂತು. ಹಾಸಿಗೆ, ನರ್ಸುಗಳು, ಅರಿವಳಿಕೆ ಕೊಡುವವರು ಎಲ್ಲರೂ ಕೋವಿಡ್ ವಾರ್ಡಿಗೆ ಬೇಕಾಗಿದ್ದರು. ತಿಂಗಳುಗಟ್ಟಲೆ ಕಾದು ತಾರೀಖು ಪಡೆದವರಿಗೆ ಫೋನ್ ಮಾಡಿ ಮತ್ತೆ ಕಾಯಿರಿ ಎಂದು ಹೇಳುವ ಕೆಲಸ ಡಾಕ್ಟರುಗಳ ಮೇಲೇ ಬಿತ್ತು. ಭುಜದ ಸರ್ಜನ್ ಲಿಮ್ ಅವಳ ಹಳೆಯ ಸಹೋದ್ಯೋಗಿ. ಸೋಂಕು ಹರಡದಿರಲೆಂದು ಡಾಕ್ಟರುಗಳನ್ನು ಎರಡು ತಂಡ ಮಾಡಿದ್ದರು, ಅವನು ಬೇರೆ ತಂಡದಲ್ಲಿದ್ದ. ಎರಡು ತಂಡದವರು ಮುಖಾಮುಖಿ ಆಗುವಂತಿರಲಿಲ್ಲ, ಮಾತೆಲ್ಲ ಫೋನಿನಲ್ಲೇ. "ಇವತ್ತು ಹನ್ನೆರಡು ಜನರಿಗೆ ಇಲ್ಲ ಅಂದೆ" ಎಂದ ಅವನು ಒಂದು ಸಂಜೆ. "ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು."

ಕೆಲಸ ಮುಗಿಸಿ ಅನಘಾ ಕ್ಲೆಮೆಂಟಿಯ ಫ್ಲ್ಯಾಟಿಗೆ ಬಂದರೆ ಅಲ್ಲಿಯೂ ಯಾರೂ ಇರಲಿಲ್ಲ. ಮಾರ್ಚ್ ನಡುವಿನ ಶಾಲೆಯ ರಜೆಯಲ್ಲಿ ಗಂಡ ವಿಭವ್ ಏಳು ವರ್ಷದ ಮಗಳು ಶ್ರೀಯಾಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದ. ಅವನ ತಂಗಿಯ ಗೃಹಪ್ರವೇಶವಿತ್ತು. ಎರಡು ದಿನ ಬಿಟ್ಟು ಅನಘಾಳೂ ಹೊರಡಬೇಕಿತ್ತು. ಅಷ್ಟರಲ್ಲಿ ಆಸ್ಪತ್ರೆಯವರ ರಜೆಯೆಲ್ಲ ರದ್ದಾಯಿತು. ಮರುವಾರ ಭಾರತ ವಿಮಾನಗಳನ್ನೇ ನಿಲ್ಲಿಸಿಬಿಟ್ಟಿತು. ಗಂಡ, ಮಗಳು ಸರಸ್ವತಿಪುರಂನಲ್ಲಿ ಅತ್ತೆಯ ಮನೆಯಲ್ಲಿ ಉಳಿದರು. ವಿಮಾನ ಸಿಕ್ಕರೂ ಸಾಲದು, ಸಿಂಗಪುರದ ಒಳಗೆ ಬರಲು ಬೇರೆ ಅನುಮತಿ ಬೇಕಿತ್ತು. ವಿಭವ್ ಅರ್ಜಿ ಹಾಕಿದ್ದ. 'ಸದ್ಯಕ್ಕೆ ಆಗದು' ಎಂಬ ಉತ್ತರ ಬಂದಿತ್ತು.

ಶ್ರೀಯಾ ಹೊರಡುವ ಹಿಂದಿನ ದಿನ ಊಟದ ಮೇಜಿನ ಮೇಲೆ ಚೂರು ಜೋಡಿಸಿ ಚಿತ್ರ ಮಾಡುವ ಒಂದು ಜಿಗ್ಸಾ ಹರಡಿದ್ದಳು. ಸಮುದ್ರದ ಚಿತ್ರ. ಆಮೆ ಮುಗಿದಿತ್ತು, ನೀರು ಬಾಕಿಯಿತ್ತು. ಅನಘಾ ಅದನ್ನು ತೆಗೆಯದೆ ಮೇಜಿನ ಅಂಚಿನಲ್ಲಿ ತಟ್ಟೆಯಿಟ್ಟುಕೊಂಡು ಊಟ ಮಾಡುತ್ತಿದ್ದಳು. ಸಂಜೆ ವಿಡಿಯೋ ಕಾಲ್‌ನಲ್ಲಿ ಮಗಳು ಅಜ್ಜಿಯ ಮನೆಯ ಬೆಕ್ಕನ್ನು ತೋರಿಸುತ್ತಿದ್ದಳು, ಮಾವಿನ ಮರ ಹತ್ತಿದ್ದನ್ನು ಹೇಳುತ್ತಿದ್ದಳು, ನಡುನಡುವೆ ಫೋನನ್ನು ಮಂಚದ ಮೇಲೆ ಎಸೆದು ಓಡಿಹೋಗುತ್ತಿದ್ದಳು. ಅನಘಾ ಫೋನ್ ಇಡದೆ ತಿರುಗುವ ಫ್ಯಾನನ್ನೇ ನೋಡುತ್ತ ಕೂರುತ್ತಿದ್ದಳು. ದೂರದಲ್ಲಿ ಮಗಳ ದನಿ ಕೇಳುತ್ತಿತ್ತು, ಅಷ್ಟು ಸಾಕಿತ್ತು. ಕಾಲ್ ಮುಗಿದ ಮೇಲೆ ಸಾಕಾಗುತ್ತಿರಲಿಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ಅವಳ ವಿಭಾಗಕ್ಕೆ ಬೇರೆ ಥರದ ಕೈಗಳು ಬರತೊಡಗಿದವು. ಆಟದ ಪೆಟ್ಟು ನಿಂತಿತ್ತು, ಮನೆಯ ಪೆಟ್ಟು ಶುರುವಾಗಿತ್ತು. ಇಡೀ ಊರು ಅಡುಗೆ ಕಲಿಯುತ್ತಿದ್ದ ಕಾಲ ಅದು. ಅವಕಾಡೊದ ಬೀಜ ತೆಗೆಯಲು ಹೋಗಿ ಚಾಕು ಅಂಗೈಗೆ ನುಗ್ಗಿಸಿಕೊಂಡ ಹುಡುಗಿ, ಮಿಕ್ಸಿಯೊಳಗೆ ಬೆರಳಿಟ್ಟ ಬ್ಯಾಂಕ್ ಮ್ಯಾನೇಜರ್, ಗೋಡೆಗೆ ಡ್ರಿಲ್ ಹಾಕಲು ಹೋಗಿ ತನ್ನ ಕೈಗೇ ಹಾಕಿಕೊಂಡ ಮೇಷ್ಟ್ರು. ಇವನ್ನು ಮುಂದೂಡುವಂತಿರಲಿಲ್ಲ. ಬೆರಳನ್ನು ಮಡಿಸುವುದು ಹುರಿಯಂಥ ಟೆಂಡನ್. ಅದು ತುಂಡಾದರೆ ಎರಡು ತುದಿಗಳೂ ಹಿಂದಕ್ಕೆ ಸರಿಯುತ್ತ ಹೋಗುತ್ತವೆ. ಬೇಗ ಹುಡುಕಿ ಹೊಲಿಯದಿದ್ದರೆ ಬೆರಳು ಜನ್ಮವಿಡೀ ಕಡ್ಡಿಯಂತೆ ನಿಂತುಬಿಡುತ್ತದೆ.

ಮೇ ತಿಂಗಳ ಒಂದು ಮಧ್ಯಾಹ್ನ ಎಮರ್ಜೆನ್ಸಿಯಿಂದ ಕರೆ ಬಂತು. ಅರವತ್ತರ ಹತ್ತಿರದ ಗಂಡಸು, ಎಡಗೈಗೆ ಸುತ್ತಿದ್ದ ಅಡುಗೆಮನೆಯ ಟವೆಲ್ ರಕ್ತದಲ್ಲಿ ತೊಯ್ದಿತ್ತು. ಫೈಲಿನ ಮೇಲೆ ಶ್ರೀಕಂಠ ಎಂದು ಹೆಸರಿತ್ತು. ಟವೆಲ್ ಬಿಚ್ಚುವಾಗ ಆತ ಮಾಸ್ಕಿನೊಳಗೇ "ಶಿವನೇ" ಎಂದರು.

"ನೋವಾಯ್ತಾ ಅಂಕಲ್?" ಎಂದಳು ಅನಘಾ.

ಅವರು ತಲೆಯೆತ್ತಿ ನೋಡಿದರು. "ಕನ್ನಡದೋರಾ ಡಾಕ್ಟ್ರೇ?"

"ಮೈಸೂರು. ನೀವು?"

"ಹೆಸರಲ್ಲೇ ಗೊತ್ತಾಗಲ್ವಾ, ನಂಜನಗೂಡು. ಈಗ ಇಲ್ಲೇ ಬೂನ್ ಲೇ."

"ಏನು ಹೆಚ್ತಾ ಇದ್ರಿ?"

"ಸಿಹಿಗುಂಬಳ. ನನ್ನ ಹೆಂಡ್ತಿ ರಮಾ ಹೇಳ್ತಾನೇ ಇದ್ಲು, ಸ್ವಲ್ಪ ಬೇಯ್ಸಿ ಮೆತ್ತಗೆ ಮಾಡ್ಕೊಂಡು ಹೆಚ್ಚಿ ಅಂತ. ನಾನು ಇಂಜಿನಿಯರ್ ಅಲ್ವಾ, ಕೇಳಲಿಲ್ಲ."

ತೋರುಬೆರಳಿನ ಬುಡದಲ್ಲಿ ಅಡ್ಡಕ್ಕೆ ಬಿದ್ದ ನೀಟಾದ ಗಾಯ. ಬೆರಳು ಮಡಿಸಿ ಎಂದರೆ ಉಳಿದೆಲ್ಲ ಬೆರಳು ಬಾಗಿದವು, ಅದೊಂದು ನೆಟ್ಟಗೆ ನಿಂತಿತ್ತು. ಅವತ್ತು ಸಂಜೆಯೇ ಆಪರೇಷನ್ ಎಂದು ನಿರ್ಧಾರವಾಯಿತು.

ಆ ದಿನಗಳಲ್ಲಿ ಪೂರ್ತಿ ಅರಿವಳಿಕೆ ಕೊಡುವುದನ್ನು ಆದಷ್ಟು ತಪ್ಪಿಸುತ್ತಿದ್ದರು. ಗಂಟಲಿಗೆ ಕೊಳವೆ ಹಾಕುವಾಗ ಸೋಂಕು ಹರಡುವ ಭಯ. ಹಾಗಾಗಿ ಅನಘಾ ಅಂಗೈಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಳು. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಔಷಧಿ ಹರಡಿ ರಕ್ತ ನಿಲ್ಲಲು ಅರ್ಧ ಗಂಟೆ ಕಾಯಬೇಕು. ಹಸಿರು ಬಟ್ಟೆಯ ಪರದೆಯ ಆಚೆ ಶ್ರೀಕಂಠ ಸೂರು ನೋಡುತ್ತ ಮಲಗಿದ್ದರು, ಈಚೆ ಅವಳು ಸ್ಟೂಲಿನ ಮೇಲೆ ಕಾಯುತ್ತ ಕೂತಳು.

"ಮನೇಲಿ ದಿನಾ ನೀವೇನಾ ಅಡುಗೆ ಮಾಡೋದು?" ಎಂದು ಕೇಳಿದಳು.

"ಈ ವರ್ಷದಿಂದ. ರಮಾ ಜನವರೀಲಿ ಬಸ್ಸಲ್ಲಿ ಬರ್ತಿದ್ಲು. ಡ್ರೈವರ್ ಸಡನ್ನಾಗಿ ಬ್ರೇಕ್ ಹಾಕ್ದ. ಕಂಬಿ ಹಿಡ್ಕೊಂಡು ಜೋತಾಡಿದ್ಲು, ಬಲಗಡೆ ಭುಜದ ಟೆಂಡನ್ ಹರಿದುಹೋಯ್ತು. ಕೈ ಮೇಲಕ್ಕೇ ಬರಲ್ಲ. ಇದೇ ಆಸ್ಪತ್ರೇಲೇ ಏಪ್ರಿಲ್‌ಗೆ ಆಪರೇಷನ್ ಬುಕ್ ಆಗಿತ್ತು. ಪೋಸ್ಟ್‌ಪೋನ್ ಆಯ್ತು." ಮತ್ತೆ ಹೇಳಿದರು. "ತಮಾಷೆ ನೋಡಿ. ಅವಳದ್ದು ಹರಿದು ಇಷ್ಟು ತಿಂಗಳಾಯ್ತು, ಅದು ಅರ್ಜೆಂಟಲ್ಲ. ನಾನು ಮಧ್ಯಾಹ್ನ ಕುಂಬಳಕಾಯಿ ಕೊಯ್ದೆ, ಸಂಜೆ ಟೇಬಲ್ ಮೇಲಿದೀನಿ. ನನ್ನ ಟರ್ನ್ ಅವಳಿಗೆ ಕೊಡೋಕಾಗಲ್ವಾ ಡಾಕ್ಟ್ರೇ?"

"ಆಗಲ್ಲ ಅಂಕಲ್."

"ಗೊತ್ತು. ಸುಮ್ನೆ ಕೇಳಿದೆ."

ಭುಜದ ಟೆಂಡನ್ ಕೂಡ ಕಾಲ ಕಳೆದಂತೆ ಹಿಂದಕ್ಕೆ ಸರಿಯುತ್ತದೆ, ಅದಕ್ಕಂಟಿದ ಸ್ನಾಯು ಸೊರಗುತ್ತದೆ. ಅದು ಅನಘಾಳಿಗೆ ತಿಳಿದಿತ್ತು. ಮೇಜಿನ ಮೇಲೆ ಮಲಗಿರುವವರಿಗೆ ಆಗ ಹೇಳುವ ಮಾತು ಅದಾಗಿರಲಿಲ್ಲ. "ಅವರನ್ನ ಯಾವ ಡಾಕ್ಟರ್ ನೋಡ್ತಿದಾರೆ? ನಾನು ಮಾತಾಡ್ತೀನಿ" ಎಂದಷ್ಟೇ ಅಂದಳು. ಅವರು ಲಿಮ್ ಎಂದರು.

"ನಿಮ್ಮ ಮನೇಲಿ ಯಾರ್ಯಾರಿದಾರೆ?" ಎಂದು ಕೇಳಿದರು ಶ್ರೀಕಂಠ.

ಅನಘಾ ಹೇಳಿದಳು. ಗೃಹಪ್ರವೇಶ, ರದ್ದಾದ ರಜೆ, ನಿಂತ ವಿಮಾನ. ಇಷ್ಟನ್ನೂ ಎದುರಿಗಿರುವ ಒಬ್ಬ ಮನುಷ್ಯನಿಗೆ ಕನ್ನಡದಲ್ಲಿ ಹೇಳಿದ್ದು ಅದೇ ಮೊದಲೆಂದು ಹೇಳುವಾಗಲೇ ಅವಳಿಗೆ ಹೊಳೆಯಿತು. ನರ್ಸ್ ಸೂಜಿಗಳನ್ನು ಜೋಡಿಸುತ್ತಿದ್ದಳು. ಅವಳಿಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅದರಿಂದಲೇ ಅನಘಾಳಿಗೆ ಹೇಳುವುದು ಸುಲಭವಾಯಿತು.

"ಮಗು ಅಲ್ಲಿ ಅಳುತ್ತಾ?"

"ಇಲ್ಲ. ಖುಷಿಯಾಗಿದಾಳೆ."

"ಒಳ್ಳೇದೇ ಆಯ್ತಲ್ಲ" ಎಂದರು ಅವರು. ಅವಳು ಅಂಗೈ ಮರಗಟ್ಟಿದೆಯೇ ಎಂದು ಒತ್ತಿ ನೋಡತೊಡಗಿದಾಗ, "ಒಳ್ಳೇದು ಅಂತ ಗೊತ್ತಿದ್ರೂ ಕಷ್ಟಾನೇ" ಎಂದು ತಾವೇ ಸೇರಿಸಿದರು.

ಗಾಯ ಬಿಡಿಸಿದಾಗ ತುಂಡಾದ ಒಂದು ತುದಿ ಹತ್ತಿರವೇ ಸಿಕ್ಕಿತು, ಇನ್ನೊಂದು ಅಂಗೈಯ ನಡುವಿಗೆ ಸರಿದಿತ್ತು. ಅದನ್ನು ಮೆಲ್ಲಗೆ ಎಳೆದು ತಂದು, ಕೂದಲಿಗಿಂತ ಸ್ವಲ್ಪ ದಪ್ಪದ ದಾರದಲ್ಲಿ ಎರಡನ್ನೂ ಸೇರಿಸಿ ಹೊಲಿದಳು. ಎಚ್ಚರವಿರುವ ರೋಗಿಯಿಂದ ಒಂದು ಲಾಭವಿದೆ. ಗಾಯ ಮುಚ್ಚುವ ಮೊದಲೇ ಹೊಲಿಗೆ ನಿಲ್ಲುತ್ತದೋ ಇಲ್ಲವೋ ನೋಡಿಬಿಡಬಹುದು.

"ಅಂಕಲ್, ಈಗ ಆ ಬೆರಳು ಮಡಿಸಿ. ನಿಧಾನ. ಜೋರು ಹಾಕಬೇಡಿ."

ಬೆಳ್ಳಗಿನ ಹುರಿ ತನ್ನ ಹಾದಿಯಲ್ಲಿ ಜಾರಿತು, ಬೆರಳು ಬಾಗಿತು. ಅನಘಾ ಪರದೆಯ ಅಂಚನ್ನು ತಗ್ಗಿಸಿದಳು. ಶ್ರೀಕಂಠ ಕುತ್ತಿಗೆ ಎತ್ತಿ, ತಮ್ಮದಲ್ಲದ್ದನ್ನು ನೋಡುವಂತೆ ಅದನ್ನು ನೋಡಿದರು. ಅವರ ಕಣ್ಣು ತೇವವಾಯಿತು. "ಇನ್ನೊಂದ್ಸಲ ಮಾಡ್ಲಾ?" ಎಂದರು.

"ಬೇಡ. ಇನ್ನು ಆರು ವಾರ ನಾವು ಹೇಳಿದಷ್ಟೇ ಮಾಡ್ಬೇಕು."

ಆಸ್ಪತ್ರೆಯೊಳಗೆ ಜೊತೆಯವರನ್ನು ಬಿಡುತ್ತಿರಲಿಲ್ಲ. ಹಾಗಾಗಿ ಅನಘಾಳೇ ರಮಾ ಅವರಿಗೆ ಫೋನ್ ಮಾಡಿ ಎಲ್ಲ ಸರಿಯಾಯಿತೆಂದು ತಿಳಿಸಿದಳು.

"ಹೆದರಿದ್ರಾ ಅವರು?" ಎಂದು ಕೇಳಿದರು ರಮಾ.

"ಇಲ್ಲ ಆಂಟಿ, ಪೂರ್ತಿ ಮಾತಾಡ್ತಾನೇ ಇದ್ರು."

"ಹಾಗಾದ್ರೆ ಹೆದರಿದಾರೆ" ಎಂದರು ರಮಾ.

ಎರಡನೆಯ ವಾರ ಶ್ರೀಕಂಠರನ್ನು ವಿಡಿಯೋದಲ್ಲಿ ನೋಡಬೇಕಿತ್ತು. ಕೈಯ ಹಿಂಬದಿಗೆ ಕಟ್ಟಿದ ಪ್ಲಾಸ್ಟಿಕ್ ಸ್ಪ್ಲಿಂಟ್ ಬೆರಳು ಪೂರ್ತಿ ನೆಟ್ಟಗಾಗದಂತೆ ಕಾಯುತ್ತದೆ. ಅದನ್ನು ಹಗಲೂ ರಾತ್ರಿಯೂ ಬಿಚ್ಚಬಾರದೆಂದು ಮೂರು ಮೂರು ಸಲ ಹೇಳಿ ಕಳಿಸಿದ್ದಳು. ಕ್ಯಾಮೆರಾ ತೆರೆದುಕೊಂಡಾಗ ಸ್ಪ್ಲಿಂಟ್ ಸೋಫಾದ ಮೇಲಿತ್ತು.

"ಅಂಕಲ್, ಅದು ಯಾಕೆ ಅಲ್ಲಿದೆ?"

ಶ್ರೀಕಂಠ ಅವಸರದಲ್ಲಿ ಅದನ್ನು ಎತ್ತಿಕೊಂಡರು. "ಈಗ್ತಾನೇ ತೆಗ್ದೆ. ಐದು ನಿಮಿಷ."

"ಐದು ನಿಮಿಷ ಸಾಕು ಹೊಲಿಗೆ ಕಿತ್ತುಹೋಗೋಕೆ. ಮತ್ತೆ ಹರಿದ್ರೆ ಎರಡನೇ ಸಲ ಇಷ್ಟು ಚೆನ್ನಾಗಿ ಹೊಲಿಯೋಕಾಗಲ್ಲ. ಏನು ಮಾಡ್ತಿದ್ರಿ?"

ಪಕ್ಕದಿಂದ ಹೆಂಗಸಿನ ದನಿ ಕೇಳಿತು. "ನನ್ನ ಜಡೆ ಹಾಕ್ತಿದ್ರು ಡಾಕ್ಟ್ರೇ. ಬೇಡ ಅಂದೆ. ನನ್ನ ಕೈ ಹಿಂದಕ್ಕೆ ಹೋಗಲ್ಲ, ಕೂದಲು ಗಂಟಾಗಿ ತಲೆನೋವು ಬಂದಿತ್ತು. ಅದಕ್ಕೆ ಇವರು..."

ಪಾರ್ಲರುಗಳೆಲ್ಲ ಮುಚ್ಚಿದ್ದವು. ಪಕ್ಕದ ಮನೆಯವರು ಒಳಗೆ ಬರುವಂತಿರಲಿಲ್ಲ. ಗಂಡಹೆಂಡತಿಗೆ ಮಕ್ಕಳೂ ಇರಲಿಲ್ಲ. ಬೈಯಲು ಸಿದ್ಧವಾಗಿದ್ದ ಅನಘಾ ಅದನ್ನು ಬಿಟ್ಟಳು. ಬೆರಳು ಮಡಿಸಿ ತೋರಿಸಲು ಹೇಳಿದಳು. ಅದೃಷ್ಟಕ್ಕೆ ಅದು ಬಾಗಿತು.

ಅಂದೇ ಲಿಮ್‌ಗೆ ಫೋನ್ ಮಾಡಿದಳು. "ರಮಾ ಎಂಬ ನಿನ್ನ ಪೇಷೆಂಟ್ ನೆನಪಿದೆಯಾ? ಕೈ ಮೇಲಕ್ಕೂ ಏಳುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ. ಆಪರೇಷನ್ ಮಾಡು ಅನ್ನುತ್ತಿಲ್ಲ, ಒಮ್ಮೆ ನೋಡು." ಅವನು ಪಟ್ಟಿ ತೆರೆದು ನೋಡಿ, ಮತ್ತೊಂದು ಸ್ಕ್ಯಾನ್ ಮಾಡಿಸಲು ಕರೆಸುತ್ತೇನೆ ಎಂದ. ಶ್ರೀಕಂಠರ ಚರ್ಮದ ಹೊಲಿಗೆ ಬಿಚ್ಚುವ ದಿನವೇ ಅದಕ್ಕೂ ತಾರೀಖು ಸಿಕ್ಕಿತು.

ಅವತ್ತು ಅನಘಾ ರಮಾ ಅವರನ್ನು ಮೊದಲ ಸಲ ಕಂಡಳು. ತೆಳ್ಳಗಿನ, ಎತ್ತರದ ಹೆಂಗಸು. ಸೊಂಟದವರೆಗಿನ ನರೆತ ಕೂದಲನ್ನು ಹೇಗೋ ಒಟ್ಟುಮಾಡಿ ಒಂದು ರಬ್ಬರ್ ಬ್ಯಾಂಡ್ ಹಾಕಿದ್ದರು. ಅದು ಅರ್ಧ ಬಿಚ್ಚಿ, ಭುಜದ ಮೇಲೆ ಸಿಕ್ಕುಸಿಕ್ಕಾಗಿ ಬಿದ್ದಿತ್ತು. ಅವರು ಪದೇ ಪದೇ ಎಡಗೈಯಿಂದ ಅದನ್ನು ಹಿಂದಕ್ಕೆ ತಳ್ಳುತ್ತಿದ್ದರು. ಒಳಗಿನ ಕೋಣೆಯಲ್ಲಿ ಥೆರಪಿಸ್ಟ್ ಶ್ರೀಕಂಠರಿಗೆ ಹೊಸ ಸ್ಪ್ಲಿಂಟ್ ಅಳತೆ ಮಾಡುತ್ತಿದ್ದಳು. ಹೊರಗೆ ಕಾಯುವವರು ಯಾರೂ ಇರಲಿಲ್ಲ.

"ಬಾಚಣಿಗೆ ಇದೆಯಾ ಆಂಟಿ?" ಎಂದಳು ಅನಘಾ.

"ಬ್ಯಾಗಲ್ಲಿದೆ. ಯಾಕೆ?"

"ಈ ಕಡೆ ತಿರುಗಿ ಕೂತ್ಕೊಳ್ಳಿ."

ರಮಾ ಅರ್ಥವಾಗದೆ ನೋಡಿದರು, ಆಮೇಲೆ ಅರ್ಥವಾಗಿ ಬೇಡವೆಂದರು. "ನೀವು ಡಾಕ್ಟ್ರು. ಛೆ, ಯಾರಾದ್ರೂ ನೋಡಿದ್ರೆ." ಅನಘಾ ಅಷ್ಟರಲ್ಲಿ ಕೈ ತೊಳೆದು ಬಂದಿದ್ದಳು.

ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಿಕ್ಕನ್ನು ಬಿಡಿಸಿದಳು. ಮನೆಯಲ್ಲಿ ಶಾಲೆಯ ದಿನಗಳಲ್ಲಿ ಶ್ರೀಯಾಳ ಕೂದಲು ಬಾಚುವುದೆಂದರೆ ದೊಡ್ಡ ಜಗಳ. ಮಗಳು ಒಂದು ಕೈಯಲ್ಲಿ ಬ್ರೆಡ್ ಹಿಡಿದು ನಿಂತಿರುತ್ತಿದ್ದಳು, ಬಸ್ಸು ಕೆಳಗೆ ಬಂದಿರುತ್ತಿತ್ತು, ಅಲ್ಲಾಡಬೇಡ ಎಂದು ಅನಘಾ ರೇಗುತ್ತಿದ್ದಳು. ಎರಡು ನಿಮಿಷದಲ್ಲಿ ಎರಡು ಜಡೆ. ಎಂದೂ ಆ ಕೂದಲನ್ನು ಕೈಯಲ್ಲಿ ಹಿಡಿದು ನಿಂತವಳಲ್ಲ. ಈಗ ಮೂರು ಕಾಲುಗಳಾಗಿ ಭಾಗ ಮಾಡಿ, ಒಂದರ ಮೇಲೊಂದು ಹಾಕುತ್ತ, ಬೇಕೆಂದೇ ತಡ ಮಾಡಿದಳು. ಕೊಬ್ಬರಿ ಎಣ್ಣೆಯ ವಾಸನೆ ಮಾಸ್ಕಿನೊಳಕ್ಕೂ ಬಂತು.

"ನಿಮ್ಮ ಕೈ ತುಂಬ ನಿಧಾನ" ಎಂದರು ರಮಾ, ಕಣ್ಣು ಮುಚ್ಚಿಕೊಂಡು. "ಇವರು ಎಳೀತಾರೆ. ನಿಮ್ಮ ಮಗು ಊರಲ್ಲಿದೆ ಅಂತ ಹೇಳಿದ್ರು. ನೋಡಿ ಎಷ್ಟು ದಿನ ಆಯ್ತು?"

"ದಿನಾ ನೋಡ್ತೀನಿ ಆಂಟಿ. ವಿಡಿಯೋ ಕಾಲ್ ಇದೆಯಲ್ಲ."

"ನೋಡೋದಲ್ಲ. ಮುಟ್ಟಿ?"

ಅನಘಾಳ ಕೈ ನಿಂತಿತು. ಹಿಂದೆ ನಿಂತಿದ್ದರಿಂದ ಅವಳ ಮುಖ ರಮಾ ಅವರಿಗೆ ಕಾಣುವಂತಿರಲಿಲ್ಲ. ಅವರು ತಿರುಗಲೂ ಇಲ್ಲ. ಅವಳು ಮೂಗು ಒರೆಸಿಕೊಂಡು, ಮತ್ತೆ ಕೈ ತೊಳೆದು ಬಂದು, ಜಡೆಯನ್ನು ಕೊನೆಯವರೆಗೆ ಹೆಣೆದು ಬ್ಯಾಂಡ್ ಹಾಕಿದಳು. ಅಷ್ಟು ಹೊತ್ತೂ ರಮಾ ಅಲುಗದೆ ಕೂತಿದ್ದರು.

ಸ್ಕ್ಯಾನಿನಲ್ಲಿ ಲಿಮ್ ಹೆದರಿದ್ದೇ ಕಂಡಿತು. ಭುಜದ ಟೆಂಡನ್ ಬಹಳ ಹಿಂದಕ್ಕೆ ಸರಿದಿತ್ತು, ಸ್ನಾಯು ತೆಳುವಾಗಿತ್ತು. ಆಪರೇಷನ್‌ಗಳು ಮತ್ತೆ ಶುರುವಾದ ಮೊದಲ ವಾರಗಳಲ್ಲೇ, ಜೂನ್ ಕೊನೆಗೆ, ಅವನು ರಮಾ ಅವರಿಗೆ ಜಾಗ ಮಾಡಿಕೊಟ್ಟ. ಅರ್ಧದಷ್ಟನ್ನು ಮಾತ್ರ ಮೂಳೆಗೆ ತಂದು ಕಟ್ಟಲು ಸಾಧ್ಯವಾಯಿತು. ಅವನು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದ್ದ. ಆದರೂ ರಮಾ ಅನಘಾಳಿಗಾಗಿ ಕಾದು, ಅವಳು ವಾರ್ಡಿಗೆ ಹೋದಾಗ ಕೇಳಿದರು.

"ಏಪ್ರಿಲ್‌ನಲ್ಲೇ ಆಗಿದ್ದಿದ್ರೆ?"

"ಪೂರ್ತಿ ಸರಿಹೋಗ್ತಿತ್ತೇನೋ ಆಂಟಿ. ಖಂಡಿತ ಅಂತ ಹೇಳೋಕಾಗಲ್ಲ. ಈಗ ಕೈ ಭುಜದ ಮಟ್ಟಕ್ಕೆ ಬರುತ್ತೆ, ನೋವು ಕಡಿಮೆಯಾಗುತ್ತೆ. ಅದರ ಮೇಲೆ ಕಷ್ಟ."

ರಮಾ ಕಿಟಕಿಯ ಕಡೆ ನೋಡುತ್ತ ಮಲಗಿದ್ದರು. "ಆವಾಗ ಈ ಹಾಸಿಗೇಲಿ ಉಸಿರಾಡೋಕಾಗದೇ ಇರೋರು ಯಾರೋ ಮಲಗಿದ್ರಲ್ವಾ. ಅವರಿಗಿಂತ ನಂದು ದೊಡ್ಡದಲ್ಲ" ಎಂದರು. ಇತ್ತ ತಿರುಗಿ, "ಆದ್ರೂ ಬೇಜಾರಾಗುತ್ತೆ ಡಾಕ್ಟ್ರೇ. ಅದನ್ನ ಯಾರಿಗೆ ಹೇಳ್ಲಿ ಗೊತ್ತಾಗಲ್ಲ" ಎಂದರು. ಅನಘಾ ಅವರ ಎಡಗೈ ಹಿಡಿದುಕೊಂಡು ಕೂತಳು.

ಶ್ರೀಕಂಠರ ಬೆರಳು ಚೆನ್ನಾಗಿ ಕೂಡಿಕೊಂಡಿತು. ತುದಿಯ ಗಿಣ್ಣು ಮಾತ್ರ ಕೊಂಚ ಬಿಗಿ. ಕೊನೆಯ ಸಲ ಬಂದಾಗ, ತಾವೀಗ ಹುಳಿ, ಗೊಜ್ಜು ಎರಡೂ ಮಾಡುವುದಾಗಿ ಹೇಳಿದರು. ಮೇಲಿನ ಶೆಲ್ಫಿನ ಡಬ್ಬಿಗಳನ್ನೆಲ್ಲ ರಮಾ ಅವರ ಕೈಗೆ ಎಟಕುವಂತೆ ಕೆಳಗಿಳಿಸಿದ್ದರಂತೆ. "ಜಡೆ ಇನ್ಮೇಲೆ ನಂದೇ ಡ್ಯೂಟಿ" ಎಂದರು. ಹೆಮ್ಮೆಯಿತ್ತು ದನಿಯಲ್ಲಿ.

ಜೂನ್ ಕೊನೆಯಲ್ಲೇ ಕೋರ್ಟು, ಮೈದಾನಗಳು ತೆರೆದಿದ್ದವು. ತಿಂಗಳುಗಟ್ಟಲೆ ಸೋಫಾದಲ್ಲಿ ಕೂತಿದ್ದವರು ಹಿಂದಿನ ಹುರುಪಿನಲ್ಲೇ ಆಡಲು ಹೋಗಿ, ಹಿಮ್ಮಡಿ ಮಂಡಿ ಹಿಡಿದುಕೊಂಡು ಸೋಮವಾರ ಸಾಲುಗಟ್ಟಿದರು. ಕಾರಿಡಾರಿನಲ್ಲಿ ಮತ್ತೆ ಗದ್ದಲ. ಲಿಮ್ ಫೋನಿನಲ್ಲಿ ನಗುತ್ತ, "ನಮ್ಮವರು ಬಂದರು" ಎಂದ. ಅನಘಾಳೂ ನಕ್ಕಳು. ಆದರೆ ಸಂಜೆ ಫ್ಲ್ಯಾಟುಗಳ ಕೆಳಗಿನ ಖಾಲಿ ಅಂಗಳವಾದ ವಾಯ್ಡ್ ಡೆಕ್‌ನಲ್ಲಿ ಮಕ್ಕಳು ಸೈಕಲ್ ಹೊಡೆಯುವುದನ್ನು, ಊಟದ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಸಂಸಾರಗಳು ನಿಯಮದಂತೆ ಐದೈದು ಜನರಾಗಿ ಕೂತು ಉಣ್ಣುವುದನ್ನು ನೋಡುವಾಗ ಅವಳಿಗೆ ಸಂಕಟವಾಗುತ್ತಿತ್ತು. ಎಲ್ಲರೂ ಒಂಟಿಯಾಗಿದ್ದಾಗ ಅವಳ ಒಂಟಿತನ ಇಷ್ಟು ಎದ್ದು ಕಾಣುತ್ತಿರಲಿಲ್ಲ. ಊರಿಗೆ ಬೀಗ ತೆಗೆದಿದ್ದರು. ಅವಳ ಮನೆಗೆ ಇನ್ನೂ ಬೀಗ ಹಾಗೇ ಇತ್ತು.

ಅನುಮತಿ ಆಗಸ್ಟ್‌ನಲ್ಲಿ ಬಂತು. ವಿಶೇಷ ವಿಮಾನದಲ್ಲಿ ವಿಭವ್, ಶ್ರೀಯಾ ಬೆಂಗಳೂರಿನಿಂದ ಹೊರಟರು. ಆದರೆ ಬಂದವರನ್ನು ಏರ್‌ಪೋರ್ಟಿನಿಂದ ನೇರವಾಗಿ ಬಸ್ಸಿನಲ್ಲಿ ಹೋಟೆಲೊಂದಕ್ಕೆ ಕರೆದೊಯ್ದು ಎರಡು ವಾರ ಕೋಣೆಯಲ್ಲೇ ಇರಿಸುತ್ತಿದ್ದರು. ಯಾವ ಹೋಟೆಲ್ ಎಂಬುದೂ ಬಸ್ಸು ನಿಂತ ಮೇಲೆಯೇ ತಿಳಿದದ್ದು. ಅದು ಅನಘಾಳ ಮನೆಯಿಂದ ಎಂಆರ್‌ಟಿ ರೈಲಿನಲ್ಲಿ ಅರ್ಧ ಗಂಟೆಯ ದಾರಿ.

ಮರುದಿನ ಕೆಲಸ ಮುಗಿಸಿ ಅವಳು ನೇರ ಅಲ್ಲಿಗೇ ಹೋದಳು. ಹೋಟೆಲಿನ ಎದುರಿನ ಫುಟ್‌ಪಾತಿನಲ್ಲಿ, ಬಸ್‌ಸ್ಟಾಪಿನ ಪಕ್ಕ ನಿಂತು ಫೋನ್ ಮಾಡಿದಳು. ತೆರೆಯಲು ಬಾರದ ಗಾಜಿನ ಕಿಟಕಿಗಳ ದೊಡ್ಡ ಗೋಡೆ ಅದು. ಎಲ್ಲ ಒಂದೇ ಥರ. ವಿಭವ್ ಪರದೆಯನ್ನು ಎಳೆದು ಬಿಟ್ಟು ಗುರುತು ತೋರಿಸಿದ. ಬಹಳ ಎತ್ತರದಲ್ಲಿ ಒಂದು ಕಿಟಕಿಯಲ್ಲಿ ಚಿಕ್ಕದೊಂದು ಹಳದಿ ಚುಕ್ಕೆ. ಶ್ರೀಯಾಳ ಫ್ರಾಕು.

"ಅಮ್ಮ, ನೀನು ತುಂಬ ಚಿಕ್ಕದಾಗಿ ಕಾಣ್ತೀಯ."

"ನೀನೂ ಪುಟ್ಟಿ."

"ನಾನು ಚಿಕ್ಕವಳಾಗಿಲ್ಲ. ಎತ್ತರ ಆಗಿದೀನಿ. ಅಜ್ಜಿ ಗೋಡೆ ಮೇಲೆ ಗೆರೆ ಹಾಕಿದಾರೆ."

ಅನಘಾ ದಿನವೂ ಹೋದಳು. ಊಟದ ಡಬ್ಬಿಯೊಂದನ್ನು ರಿಸೆಪ್ಷನ್‌ನಲ್ಲಿ ಕೊಟ್ಟು, ರಸ್ತೆ ದಾಟಿ ಬಂದು ನಿಂತು ಮಾತಾಡುತ್ತಿದ್ದಳು. ಅದೇ ಫೋನ್, ಅದೇ ದನಿ. ಮೈಸೂರಿನಿಂದ ಬರುತ್ತಿದ್ದ ಮಾತಿಗಿಂತ ಈ ಮಾತು ಯಾಕೆ ಹೆಚ್ಚು ನೋಯಿಸುತ್ತದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಸಮುದ್ರದಾಚೆ ಇದ್ದಾಗ ಮನಸ್ಸು ದೂರಕ್ಕೆ ಒಗ್ಗಿಕೊಂಡಿತ್ತು. ಇಲ್ಲಿ ಒಂದು ರಸ್ತೆ, ಒಂದು ಲಿಫ್ಟು, ಒಂದು ಬಾಗಿಲು, ಅಷ್ಟೇ.

ಒಂದು ಸಂಜೆ ಜೋರು ಮಳೆ ಬಂತು. ಅನಘಾ ಕೊಡೆ ಬಿಚ್ಚಿದಳು.

"ಅಮ್ಮ, ಕೊಡೆ ಮುಚ್ಚು" ಎಂದಳು ಶ್ರೀಯಾ.

"ಮಳೆ ಬರ್ತಿದೆ ಪುಟ್ಟಿ."

"ಮೇಲಿಂದ ಬರೀ ಕೊಡೆ ಕಾಣುತ್ತೆ. ನೀನು ಕಾಣಲ್ಲ."

ಅನಘಾ ಕೊಡೆ ಮುಚ್ಚಿದಳು. ಬಸ್ಸಿಗೆ ಕಾಯುತ್ತಿದ್ದವರು ಅವಳನ್ನು ನೋಡಿ, ಒಳಗೆ ಬನ್ನಿ ಎಂದು ಸರಿದು ಜಾಗ ಮಾಡಿದರು. ಅವಳು ತಲೆಯಲ್ಲಾಡಿಸಿ ಅಲ್ಲೇ ನಿಂತಳು. ಫೋನನ್ನು ಎದೆಗೆ ಒತ್ತಿಕೊಂಡು, ಮುಖ ಮೇಲೆತ್ತಿ, ಕಣ್ಣಿಗೆ ಬೀಳುವ ನೀರಿನಲ್ಲಿ ಯಾವ ಕಿಟಕಿ ಎಂದು ತಿಳಿಯದಿದ್ದರೂ ಕೈ ಬೀಸುತ್ತ ನಿಂತಳು.

ಎರಡು ವಾರ ಮುಗಿದ ಬೆಳಿಗ್ಗೆ ಅವಳು ಲಾಬಿಗೆ ಹೋಗದೆ ಹೋಟೆಲಿನ ಮೆಟ್ಟಿಲ ಮೇಲೇ ಕಾದಳು. ವಿಭವ್ ಸೂಟ್‌ಕೇಸ್ ಎಳೆಯುತ್ತ ಬಂದ. ಅವನ ಹಿಂದೆ ಶ್ರೀಯಾ. ಮುಂದಿನ ಹಲ್ಲೆರಡು ಬಿದ್ದಿವೆಯೆಂದು ವಿಡಿಯೋದಲ್ಲಿ ನೋಡಿದ್ದಳು. ಈಗ ಮಾಸ್ಕಿನೊಳಗೆ ಅದೂ ಕಾಣಲಿಲ್ಲ. ಮಗಳು ಅಪ್ಪನ ಅಂಗಿ ಹಿಡಿದು ಒಂದು ಕ್ಷಣ ನಾಚಿ ನಿಂತಳು. ಆಮೇಲೆ ಓಡಿಬಂದು ಅಮ್ಮನ ಹೊಟ್ಟೆಗೆ ತಲೆ ಹುದುಗಿಸಿದಳು. ಅನಘಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಟ್ಯಾಕ್ಸಿ ಬಂದು ಕಾಯುತ್ತಿದೆಯೆಂದು ವಿಭವ್ ಎರಡು ಸಲ ಹೇಳಿದ. ಮೂರನೆಯ ಸಲ ಹೇಳದೆ ತಾನೂ ಪಕ್ಕದಲ್ಲಿ ಕೂತ.

ಮೊದಲ ಮೂರು ದಿನ ಮನೆಯಲ್ಲಿ ಹಬ್ಬ. ನಾಲ್ಕನೆಯ ದಿನ ಸಂಜೆ ಅನಘಾ ಬಂದಾಗ ಶ್ರೀಯಾ ಬಾಲ್ಕನಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

"ಏನಾಯ್ತು ಪುಟ್ಟಿ?"

"ಅಜ್ಜಿ ಮನೆಗೆ ಯಾವಾಗ ಹೋಗೋದು?"

"ವಿಮಾನ ಬಿಟ್ಟ ಮೇಲೆ."

"ಯಾವಾಗ ಬಿಡ್ತಾರೆ?"

"ಗೊತ್ತಿಲ್ಲ ಕಣೇ."

ಶ್ರೀಯಾ ಮುಖ ಆಚೆ ತಿರುಗಿಸಿದಳು. ಐದು ತಿಂಗಳು ಅಜ್ಜಿಯ ಪಕ್ಕ ಮಲಗಿದ ಮಗು. ಅವಳ ಮಾತೆಲ್ಲ ಈಗ ಅಜ್ಜಿಯ ಮಾತಿನಂತೆಯೇ ಆಗಿತ್ತು. ಅನಘಾ ಫೋನ್ ತೆಗೆದು ಮೈಸೂರಿಗೆ ವಿಡಿಯೋ ಕಾಲ್ ಹಚ್ಚಿ ಕೊಟ್ಟಳು. ಅಜ್ಜಿ ಎತ್ತಿಕೊಂಡರು. ಬೆಕ್ಕು ಎಲ್ಲಿ, ಮರದಲ್ಲಿ ಇನ್ನೂ ಕಾಯಿ ಇದೆಯಾ, ನನ್ನ ಹಾಸಿಗೆ ಸುತ್ತಿಟ್ರಾ ಎಂದು ಶ್ರೀಯಾ ಕೇಳುತ್ತ ಹೋದಳು. ಅನಘಾ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಮಾತು ನಿಂತದ್ದು ಕೇಳಿ ಇಣುಕಿ ನೋಡಿದಳು. ಕಾಲ್ ಮುಗಿದಿರಲಿಲ್ಲ. ಅತ್ತೆ ಬಾಗಿಲು ತಟ್ಟಿದವರನ್ನು ನೋಡಲು ಎದ್ದುಹೋಗಿದ್ದರು. ಮಗಳು ಫೋನನ್ನು ಮೊಣಕಾಲಿಗೆ ಒರಗಿಸಿಕೊಂಡು, ಅಲ್ಲಿ ಕಾಣುತ್ತಿದ್ದ ಖಾಲಿ ಕುರ್ಚಿಯನ್ನೇ ನೋಡುತ್ತ ಕಾಯುತ್ತಿದ್ದಳು. ಅನಘಾ ಒಲೆ ಸಣ್ಣದು ಮಾಡಿ, ಬಂದು ಅವಳ ಪಕ್ಕದಲ್ಲಿ ಕೂತು, ತಾನೂ ಕಾದಳು.